ಅರ್ಥ ಬೇಡ, ಆಮೇಲೆ ಏನಾಯ್ತು ಅಂತ ಬರಿ

"ಮೇಡಂ, ಈ ಊರಲ್ಲಿ ಎಲ್ಲರೂ ನನಗೆ ಹುಷಾರಿಲ್ಲ ಅಂದುಕೊಂಡಿದ್ದಾರೆ."

ಕ್ಲಾಸ್ ಮುಗಿಸಿ ಬೋರ್ಡ್ ಒರೆಸುತ್ತಿದ್ದೆ. ಬೆನ್ನ ಹಿಂದಿನಿಂದ ಅಚ್ಚ ಕನ್ನಡದಲ್ಲಿ ಮಾತು ಬಂತು. ತಿರುಗಿದರೆ ಶಿವಮೊಗ್ಗ ಕಡೆಯ ಹುಡುಗಿ. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಮೂರು ವಾರ ಆಗಿತ್ತು. ಎಂ.ಎಸ್ಸಿ ಓದಲು ಬಂದವಳು. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಏಳು ಬ್ಯಾಂಡ್ ತೆಗೆದವಳು. ಬೆಳಗಾದರೆ ಸಾಕು, ಪಕ್ಕದ ಮನೆಯವರು, ಅಂಗಡಿಯವರು, ಲ್ಯಾಬಿನಲ್ಲಿ ಜೊತೆಗಿರುವವರು, ಎಲ್ಲರದ್ದೂ ಒಂದೇ ಪ್ರಶ್ನೆಯಂತೆ: "ಯೂ ಆಲ್‌ರೈಟ್?"

ಮೊದಲ ವಾರ ಆಗಾಗ ಕನ್ನಡಿ ನೋಡಿಕೊಂಡಳಂತೆ, ಮುಖ ಬಾಡಿದೆಯಾ ಅಂತ. ಎರಡನೇ ವಾರದಿಂದ ಪ್ರಾಮಾಣಿಕವಾಗಿ ಉತ್ತರ ಕೊಡಲು ಶುರು ಮಾಡಿದಳು. ರಾತ್ರಿ ನಿದ್ದೆ ಬಂದಿಲ್ಲ, ಚಳಿ ಜಾಸ್ತಿ, ಹೀಟರ್ ಸರಿ ಇಲ್ಲ. ಅವಳು ಎರಡನೇ ಕಾರಣಕ್ಕೆ ಬರುವ ಹೊತ್ತಿಗೆ ಕೇಳಿದವರು ಹತ್ತು ಹೆಜ್ಜೆ ಮುಂದೆ ಹೋಗಿರುತ್ತಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ ಈ ದೇಶಕ್ಕೆ ಬಂದ ಹೊಸದರಲ್ಲಿ ಸ್ಟಾಫ್‌ರೂಮಿನಲ್ಲಿ ನಾನೂ ಒಬ್ಬರಿಗೆ ನನ್ನ ಮಂಡಿನೋವಿನ ಪೂರ್ತಿ ಚರಿತ್ರೆ ಹೇಳಿದ್ದೆ. ಅವರು ಕಾಫಿ ಕಪ್ ಹಿಡಿದು ಪಾಪ ನಿಂತೇ ಇದ್ದರು.

"ಊರಲ್ಲಿ ಎದುರು ಮನೆ ಅಜ್ಜಿ ಊಟ ಆಯ್ತಾ ಅಂತ ಕೇಳಿದರೆ ಏನು ಹೇಳ್ತೀಯ?" ಅಂದೆ.

"ಆಯ್ತು ಅಜ್ಜಿ, ನಿಮ್ದು ಆಯ್ತಾ ಅಂತೀನಿ."

"ಊಟ ಆಗಿಲ್ಲದೇ ಇದ್ದರೆ?"

ಸ್ವಲ್ಪ ಯೋಚಿಸಿದಳು. "ಆಗಲೂ ಆಯ್ತು ಅಂತಲೇ ಹೇಳ್ತೀನಿ."

"ಇದೂ ಅದೇ. 'ಆಲ್‌ರೈಟ್, ಯೂ?' ಅಂದು ನಡೀತಾ ಇರು."

ನನ್ನ ಕೆಲಸದ ಬಗ್ಗೆ ಒಂದೆರಡು ಮಾತು. ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವುದಕ್ಕೆ ಇಲ್ಲಿ ಈಸಾಲ್ ಅನ್ನುತ್ತಾರೆ. ಕಾಲೇಜುಗಳಲ್ಲಿ ಎಂಟ್ರಿ 1, 2, 3, ಆಮೇಲೆ ಲೆವೆಲ್ 1, 2 ಅಂತ ಮೆಟ್ಟಿಲುಗಳಿವೆ. ವಾರವೆಲ್ಲ ಅಲ್ಲಿ ಪಾಠ. ಶನಿವಾರ ಲೈಬ್ರರಿಯಲ್ಲಿ ಸುಮ್ನೆ ಮಾತಾಡುವ ಕ್ಲಾಸು, ಪರೀಕ್ಷೆ ಇಲ್ಲ, ಹಾಜರಿ ಇಲ್ಲ. ನಮ್ಮ ಹುಡುಗಿ ಬಂದದ್ದು ಅಲ್ಲಿಗೆ. ಅವಳ ಪಕ್ಕದ ಕುರ್ಚಿಗಳಲ್ಲಿ ಸಿರಿಯಾದಿಂದ ಬಂದ ಕ್ಷೌರಿಕ, ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ಬಂದ, ಹಿಂದೆ ಪೋರ್ಚುಗೀಸರ ಕೈಯಲ್ಲಿದ್ದ ದಿಯುವಿನ ಗಂಡ ಹೆಂಡತಿ, ಬೆಲ್‌ಗ್ರೇವ್ ರಸ್ತೆಯಲ್ಲಿ ಮೂವತ್ತು ವರ್ಷ ಬದುಕಿಯೂ ಗುಜರಾತಿಯಲ್ಲೇ ಕಾಲ ಹಾಕಿದ ಅಜ್ಜಿ. ಆ ರಸ್ತೆಯಲ್ಲಿ ಸೀರೆಯಿಂದ ಹಿಡಿದು ಸುವರ್ಣಗಡ್ಡೆವರೆಗೆ ಎಲ್ಲವೂ ಗುಜರಾತಿಯಲ್ಲೇ ಸಿಗುತ್ತದೆ. ಇಂಗ್ಲಿಷ್ ಬೇಕಾಗುವುದೇ ಇಲ್ಲ, ಡಾಕ್ಟರ್ ಹತ್ತಿರ ಹೋಗುವ ತನಕ.

ಇವರೆಲ್ಲರಿಗಿಂತ ನಮ್ಮ ಹುಡುಗಿಯ ವ್ಯಾಕರಣ ಚೆನ್ನಾಗಿತ್ತು. ಆದರೆ ಬಸ್ ಸ್ಟಾಪಿನಲ್ಲಿ ಬಾಯಿ ಬಿಡದವಳು ಅವಳೇ. ನನ್ನ ಅನುಭವದಲ್ಲಿ ಇದು ಅಪರೂಪವಲ್ಲ. ಜಾಸ್ತಿ ಓದಿದವರು ಪ್ರತಿ ಮಾತಿಗೂ ಅರ್ಥ ಹುಡುಕುತ್ತಾರೆ. ಅರ್ಥ ಸಿಗುವ ಹೊತ್ತಿಗೆ ಮಾತು ಮುಗಿದಿರುತ್ತದೆ. ಕ್ಷೌರಿಕನಿಗೆ ಆ ಕಷ್ಟವಿಲ್ಲ. ಅವನಿಗೆ ಗೊತ್ತಿರುವುದು ಒಂದೇ: ಈ ಮಾತು ಬಂದಾಗ ಗಿರಾಕಿ ತಲೆ ಬಗ್ಗಿಸುತ್ತಾನೆ, ಆ ಮಾತು ಬಂದಾಗ ದುಡ್ಡು ತೆಗೆಯುತ್ತಾನೆ.

ಹಾಗಾಗಿ ಅವಳಿಗೊಂದು ಚಿಕ್ಕ ನೋಟ್‌ಬುಕ್ ಕೊಟ್ಟೆ. ನಾನು ಎಲ್ಲರಿಗೂ ಕೊಡುವುದು ಇದೇ. ದಿನಕ್ಕೆ ಒಂದೇ ಸಾಲು. ಕೇಳಿಸಿದ, ತಲೆಗೆ ಹೋಗದ ಒಂದು ವಾಕ್ಯ. ಯಾರು, ಯಾರಿಗೆ, ಎಲ್ಲಿ ಹೇಳಿದರು ಅಂತ ಬರೆಯಬೇಕು. ಹೇಳಿದ ಮೇಲೆ ಅವರಿಬ್ಬರೂ ಏನು ಮಾಡಿದರು ಅಂತ ಬರೆಯಬೇಕು. ಅರ್ಥ ಬರೆಯುವಂತಿಲ್ಲ. ಫೋನ್ ತೆಗೆದು ಹುಡುಕುವಂತಿಲ್ಲ. ಶನಿವಾರ ಒಟ್ಟಿಗೆ ಕೂತು ಓದುತ್ತೇವೆ.

ಅವಳ ಮೊದಲ ಪುಟ ನನಗೆ ಇನ್ನೂ ನೆನಪಿದೆ. ಮಧ್ಯಾಹ್ನ ಹಸಿವಾಗಿ ಒಂದು ಸ್ಯಾಂಡ್‌ವಿಚ್ ಅಂಗಡಿಗೆ ಹೋಗಿದ್ದಾಳೆ. ಕೌಂಟರಿನ ಹೆಂಗಸು ಕೇಳಿದ್ದು: "ವಾಟ್ ಡು ಯೂ ವಾಂಟ್ ಆನ್ ಯುವರ್ ಕಾಬ್, ಮಿ ಡಕ್?" ಇವಳಿಗೆ ಕಾಬ್ ಅಂದರೆ ಮುಸುಕಿನ ಜೋಳದ ತೆನೆ. ಡಕ್ ಅಂದರೆ ಬಾತುಕೋಳಿ. ಗಾಬರಿಯಾಗಿ "ನೋ ಡಕ್, ಐ ಆ್ಯಮ್ ವೆಜಿಟೇರಿಯನ್" ಅಂದಿದ್ದಾಳೆ. ಅಂಗಡಿಯವಳು ಬಿದ್ದು ಬಿದ್ದು ನಕ್ಕು, ಒಂದು ಬನ್ನಿಗೆ ಚೀಸ್ ಮತ್ತು ಈರುಳ್ಳಿ ಹಾಕಿ ಕೊಟ್ಟು, ಮತ್ತೆ "ದೇರ್ ಯು ಗೋ, ಮಿ ಡಕ್" ಅಂದಿದ್ದಾಳೆ.

ಲೆಸ್ಟರ್, ನಾಟಿಂಗ್‌ಹ್ಯಾಮ್, ಡರ್ಬಿ ಕಡೆ ಡಕ್ ಅಂದರೆ ನಮ್ಮ ಮಂಗಳೂರಿನ ಮಾರಾಯ್ತಿ ಇದ್ದ ಹಾಗೆ. ಗಂಡಸಿಗೂ ಹೇಳುತ್ತಾರೆ, ಹೆಂಗಸಿಗೂ ಹೇಳುತ್ತಾರೆ. ನ್ಯೂಕಾಸಲ್‌ಗೆ ಹೋದರೆ ಅದೇ ಜಾಗಕ್ಕೆ ಪೆಟ್ ಬರುತ್ತದೆ. ಗ್ಲಾಸ್ಗೋದಲ್ಲಿ ಹೆಂಗಸರಿಗೆ ಹೆನ್. ಬ್ರಿಸ್ಟಲ್ ಕಡೆಯ ಹಳಬರು "ಮೈ ಲವರ್" ಅಂದುಬಿಡುತ್ತಾರೆ, ಬೆಚ್ಚಿಬೀಳಬಾರದು. ಬನ್ನಿನ ಕಥೆಯೂ ಹೀಗೇ. ಇಲ್ಲಿ ಕಾಬ್. ಸುಮಾರು 40 ಕಿಲೋಮೀಟರ್ ಆಚೆ ಕೊವೆಂಟ್ರಿಯಲ್ಲಿ ಅದೇ ಬನ್ನಿಗೆ ಬ್ಯಾಚ್ ಅಂತ ಹೆಸರು. ಮ್ಯಾಂಚೆಸ್ಟರಿನಲ್ಲಿ ಬಾರ್ಮ್. ಒಬ್ಬಟ್ಟೋ ಹೋಳಿಗೆಯೋ ಅಂತ ನಾವು ಜಗಳ ಆಡುವುದಿಲ್ವಾ, ಇವರದ್ದು ಅದಕ್ಕಿಂತ ಜೋರು.

"ಬ್ರಿಟಿಷ್ ಆ್ಯಕ್ಸೆಂಟ್ ಕಲಿಸಿ" ಅಂತ ಕೇಳಿಕೊಂಡು ಬರುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಯಾವ ಊರಿನದು ಬೇಕು? ಲೆಸ್ಟರಿನಲ್ಲಿ ಬಸ್ ಅನ್ನುವುದು ಹೆಚ್ಚುಕಡಿಮೆ ಬುಸ್ ಅಂತ ಕೇಳಿಸುತ್ತದೆ, ಕಪ್ ಅನ್ನುವುದು ಕುಪ್ ಅಂತ. ಟಿವಿ ನ್ಯೂಸಿನ ಇಂಗ್ಲಿಷ್ ಕಲಿತು ಬಂದವರಿಗೆ ಮೊದಲ ತಿಂಗಳು ಬೇರೆ ದೇಶಕ್ಕೆ ಬಂದ ಹಾಗೆ ಆಗುತ್ತದೆ. ಆ್ಯಕ್ಸೆಂಟ್ ಅನುಕರಿಸಬೇಕಾಗಿಲ್ಲ. ವೆಸ್ಟ್ ಅಂದರೆ ಬನಿಯನ್ನೋ ಪಶ್ಚಿಮವೋ ಎದುರಿನವರಿಗೆ ಗೊತ್ತಾದರೆ ಸಾಕು. ನಮಗೆ ಇರುವುದು ಒಂದೇ ವ, ಅವರಿಗೆ ಎರಡು. ಒಂದಕ್ಕೆ ಹಲ್ಲು ತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ದುಂಡಗಾಗಬೇಕು. ಇಷ್ಟು ತಿದ್ದಿಕೊಳ್ಳಲು ಒಂದು ವಾರ ಕನ್ನಡಿ ಮುಂದೆ ನಿಂತರೆ ಆಯ್ತು.

ನೋಟ್‌ಬುಕ್ಕಿನ ಎರಡನೇ ಪುಟ ಮಳೆಯದು. ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಆಕಾಶ ನೋಡಿ "ಇಟ್ಸ್ ಟ್ರೈಯಿಂಗ್ ಟು ರೇನ್" ಅಂದರಂತೆ. ಮಳೆ ಪ್ರಯತ್ನ ಮಾಡುತ್ತಿದೆ! ಇವಳು ಆಗುಂಬೆ ಮಳೆ ನೋಡಿ ಬೆಳೆದವಳು. ಇವಳ ಊರಿನ ಮಳೆಗೆ ಪ್ರಯತ್ನ ಗೊತ್ತಿಲ್ಲ, ಬಂದರೆ ಬಂತು. "ಆಮೇಲೆ ಏನಾಯ್ತು" ಅನ್ನುವ ಕಡೆ ಬರೆದಿದ್ದಳು: ನಾನು ನೋ, ಇಟ್ ವಿಲ್ ನಾಟ್ ರೇನ್ ಅಂದೆ. ಅಜ್ಜಿ ಸುಮ್ಮನಾದರು.

ಇದನ್ನು ಕ್ಲಾಸಿನಲ್ಲಿ ಓದಿದಾಗ ಒಂದು ಗಂಟೆ ಚರ್ಚೆ ಆಯ್ತು. ಮಳೆ ಬರುತ್ತಾ ಇಲ್ವಾ ಅಂತ ಅಜ್ಜಿ ಕೇಳಲೇ ಇಲ್ಲ. ಅವರು ಮಾಡಿದ್ದು ಬಾಗಿಲು ತಟ್ಟುವ ಕೆಲಸ. "ನಾನಿಲ್ಲಿ ನಿಂತಿದ್ದೇನೆ, ನೀನೂ ನಿಂತಿದ್ದೀಯ, ಎರಡು ಮಾತಾಡೋಣವಾ?" ಅದಕ್ಕೆ ಒಪ್ಪಿಗೆ ಕೊಡುವ ರೀತಿ ಒಂದೇ: ಹವಾಮಾನದ ಬಗ್ಗೆ ಎದುರಿನವರು ಏನೇ ಹೇಳಲಿ, ಹೌದು ಅನ್ನುವುದು. "ಇಟ್ ಈಸ್, ಈಸಂಟ್ ಇಟ್?" ಎರಡು ಡಿಗ್ರಿ ಚಳಿಯಲ್ಲಿ ಯಾರಾದರೂ "ಬಿಟ್ ನಿಪ್ಪಿ" (ಒಂಚೂರು ಚಳಿ) ಅಂದರೆ ಥರ್ಮಾಮೀಟರ್ ತೆಗೆಯಬಾರದು. ಮಾತಾಡಲು ಮನಸ್ಸಿಲ್ಲದಿದ್ದರೆ "ಮ್ಮ್" ಅಂದು ಸಣ್ಣಗೆ ನಕ್ಕರೂ ನಡೆಯುತ್ತದೆ. ಬಾಗಿಲು ತೆಗೆಯದಿದ್ದರೂ ಕಿಟಕಿ ತೆಗೆದಂತಾಯ್ತು.

ಮಲೆನಾಡಿನವರಿಗೆ ಈ ಪಾಠ ಬೇಗ ಹತ್ತುತ್ತದೆ. ತುಂತುರು, ಸೋನೆ, ಜಡಿಮಳೆ ಅಂತ ನಮ್ಮಲ್ಲಿರುವ ಹಾಗೆ ಇವರಲ್ಲೂ ಮಳೆಗೆ ಪದಗಳ ರಾಶಿ ಇದೆ. ಸ್ಪಿಟಿಂಗ್ ಅಂದರೆ ನಾಲ್ಕು ಹನಿ, ಉಗುಳಿದಷ್ಟು. ಡ್ರಿಜಲ್ ಅಂದರೆ ಸೋನೆ. "ಚಕ್ಕಿಂಗ್ ಇಟ್ ಡೌನ್" ಅಂದರೆ ಕೊಡಪಾನ ಬಗ್ಗಿಸಿದ್ದು. ಮುಂದಿನ ಶನಿವಾರ ಅವಳು ಕ್ಲಾಸಿಗೆ ನೆನೆದು ತೊಪ್ಪೆಯಾಗಿ ಬಂದು, ಕೊಡೆ ಕೊಡವುತ್ತಾ, "ಸ್ಪಿಟಿಂಗ್ ಎ ಬಿಟ್" ಅಂದಳು. ಅವತ್ತು ನನಗೆ ಧೈರ್ಯ ಬಂತು.

ಇನ್ನು ಥ್ಯಾಂಕ್ಸಿನ ವಿಷಯ. ಇದರಲ್ಲಿ ಕನ್ನಡದವರು ಸುಮ್ನೆ ಕೆಟ್ಟ ಹೆಸರು ಹೊರುತ್ತೇವೆ.

ಇಲ್ಲಿ ಒಂದು ಬೇಕರಿಯಲ್ಲಿ ಕೂತು ಲೆಕ್ಕ ಹಾಕಿದ್ದೆ. ಒಬ್ಬ ಗಿರಾಕಿ ಒಂದು ಬ್ರೆಡ್ ತಗೊಂಡು ಹೋಗುವಷ್ಟರಲ್ಲಿ ಇಬ್ಬರ ನಡುವೆ ಐದು ಸಲ ಥ್ಯಾಂಕ್ಸ್ ಓಡಾಡಿತು. ಬ್ರೆಡ್ ಕೊಟ್ಟಾಗ ಒಂದು, ದುಡ್ಡು ಕೊಟ್ಟಾಗ ಒಂದು, ಚಿಲ್ಲರೆಗೆ ಒಂದು, ಹೊರಡುವಾಗ ಎರಡು. ಅದರಲ್ಲಿ ಥ್ಯಾಂಕ್ ಯೂ ಎರಡೇ, ಒಂದು ಚಿಯರ್ಸ್, ಇನ್ನೆರಡು ಟಾ. ಬಸ್ಸಿಳಿಯುವಾಗ ಡ್ರೈವರಿಗೂ ಹೇಳುತ್ತಾರೆ, ಕೆಲವರು ಹಿಂದಿನಿಂದಲೇ ಕೂಗಿ. ನಮ್ಮ ಅಮ್ಮಂದಿರಿಗೆ ನಾವು ಯಾವತ್ತಾದರೂ ಧನ್ಯವಾದ ಹೇಳಿದ್ದೇವಾ? ಹೇಳಿದರೆ ಅಮ್ಮ ಹಣೆ ಮುಟ್ಟಿ ನೋಡುತ್ತಾರೆ.

ಹಾಗಂತ ನಮಗೆ ಮರ್ಯಾದೆ ಗೊತ್ತಿಲ್ಲವಾ? ಗೊತ್ತಿದೆ. ನಮ್ಮ ಮರ್ಯಾದೆ ಕ್ರಿಯಾಪದದ ಬಾಲದಲ್ಲಿ ಕೂತಿದೆ. ಕೊಡು, ಕೊಡಿ, ಕೊಡ್ತೀರಾ, ಸ್ವಲ್ಪ ಕೊಡ್ತೀರೇನ್ರೀ. ಒಂದೇ ಅಕ್ಷರ ಬದಲಾದರೆ ಸಾಕು, ಎದುರಿನವರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲೂ ಹಿಂದೆ ನೀನು, ನೀವು ಇತ್ತು. ನೀನು ಅನ್ನಲು ದೌ, ನೀವು ಅನ್ನಲು ಯೂ. ಕಾಲ ಕಳೆದ ಹಾಗೆ ದೌ ಉದುರಿಹೋಯ್ತು. ಯಾರ್ಕ್‌ಶೈರಿನ ಹಳ್ಳಿ ಮುದುಕರ ಬಾಯಲ್ಲಿ ಮಾತ್ರ ಈಗಲೂ ದಾ, ದೀ ಅಂತ ಅಲ್ಲಲ್ಲಿ ಕೇಳುತ್ತದೆ. ಉಳಿದವರಿಗೆಲ್ಲ, ಮಗುವಿಗೂ ರಾಜನಿಗೂ, ಯೂ ಒಂದೇ. ಬಾಲ ಕತ್ತರಿಸಿದ ಮೇಲೆ ಮರ್ಯಾದೆ ಬೇರೆ ಎಲ್ಲಾದರೂ ಇಡಬೇಕಲ್ಲ. ಅದನ್ನು ಪ್ಲೀಸ್, ಥ್ಯಾಂಕ್ಸ್, ಸಾರಿ, ಕುಡ್, ವುಡ್, ಜಸ್ಟ್, ಎ ಬಿಟ್ ಅನ್ನುವ ಚಿಲ್ಲರೆ ಪದಗಳಲ್ಲಿ ಹಂಚಿಟ್ಟಿದ್ದಾರೆ.

ನಾವು "ಒಂದು ಕಾಫಿ ಕೊಡಿ" ಅನ್ನುವುದನ್ನು ಹಾಗೇ ತಿರುಗಿಸಿ "ಗಿವ್ ಮಿ ಒನ್ ಕಾಫಿ" ಅಂದಾಗ ಆ "ಡಿ" ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತದೆ. ಆಚೆ ದಾಟುವುದು "ಕೊಡು" ಮಾತ್ರ. ನಾವು ಬಹುವಚನ ಹಾಕಿಯೇ ಮಾತಾಡಿದ್ದೇವೆ, ಅವರಿಗೆ ಕೇಳಿಸಿದ್ದು ಏಕವಚನ. ಇದನ್ನು ಹೇಳಿದಾಗ ನಮ್ಮ ಹುಡುಗಿಯ ಮುಖ ನೋಡಬೇಕಿತ್ತು. "ಅಯ್ಯೋ, ಬಂದಾಗಿನಿಂದ ಎಲ್ಲರಿಗೂ ಹೋಗೋ ಬಾರೋ ಅಂತಿದ್ದೀನಾ?" ಅಂತ ತಲೆ ಮೇಲೆ ಕೈ ಇಟ್ಟುಕೊಂಡಳು.

ಅದೇ ದಿನ ಇನ್ನೊಂದು ಗಂಟು ಬಿಚ್ಚಿತು. ಲೈಬ್ರರಿಗೆ ಬಂದ ಒಬ್ಬರು ನಮ್ಮ ಟೇಬಲ್ ಹತ್ತಿರ ನಿಂತು "ಐ ವಾಸ್ ವಂಡರಿಂಗ್ ಇಫ್ ಐ ಕುಡ್ ಬಾರೋ ಎ ಚೇರ್" ಅಂದರು. ಅವರು ಕುರ್ಚಿ ತಗೊಂಡು ಹೋದ ಮೇಲೆ ಅವಳು ಕೇಳಿದಳು: ಬೇಕಾಗಿರುವುದು ಈಗ, ವಾಸ್ ಯಾಕೆ? ವ್ಯಾಕರಣ ಪುಸ್ತಕದ ಉತ್ತರ ಕೊಡಲು ಬಾಯಿ ತೆರೆದೆ. ಆಮೇಲೆ ಹೊಳೆಯಿತು, ಕನ್ನಡದಲ್ಲಿ ನಾವೂ ಹಾಗೇ ಅಲ್ವಾ? "ಸಾರ್, ಒಂದು ವಿಷಯ ಕೇಳೋಣ ಅಂತಿದ್ದೆ." "ನಿಮ್ಮ ಹತ್ರ ಸ್ವಲ್ಪ ಕೆಲಸ ಇತ್ತು." ಕೆಲಸ ಇರುವುದು ಈಗಲೇ. ಆದರೆ "ಇದೆ" ಅಂದರೆ ಎದೆಗೆ ತಾಗುವಷ್ಟು ಹತ್ತಿರ ನಿಂತ ಹಾಗೆ. "ಇತ್ತು" ಅಂದರೆ ಎರಡು ಹೆಜ್ಜೆ ಹಿಂದೆ ಸರಿದು ನಿಂತ ಹಾಗೆ. ಬೇಡ ಅನ್ನಲು ಎದುರಿನವರಿಗೆ ಜಾಗ ಬಿಟ್ಟ ಹಾಗೆ. ಇಷ್ಟು ವರ್ಷ ಪಾಠ ಮಾಡಿದ ನನಗೂ ಆ ಹೋಲಿಕೆ ಹೊಳೆದದ್ದು ಅವತ್ತೇ.

ನರ್ಸ್ ಹತ್ತಿರ ಹೋಗಿ ಬಂದ ದಿನದ ಪುಟದಲ್ಲಿ ಒಂದೇ ಪದ ಆರು ಸಲ ಇತ್ತು: ಪಾಪ್. "ಪಾಪ್ ಯುವರ್ ಕೋಟ್ ಆಫ್." "ಪಾಪ್ ಯುವರ್‌ಸೆಲ್ಫ್ ಅಪ್ ಆನ್ ದ ಕೌಚ್ ಫಾರ್ ಮಿ." ಡಿಕ್ಷನರಿಯಲ್ಲಿ ಪಾಪ್ ಅಂದರೆ ಟಪ್ ಅಂತ ಒಡೆಯುವ ಸದ್ದು. ಕೋಟ್ ಒಡೆಯುವುದು ಹೇಗೆ? ಆದರೆ ಆಮೇಲೆ ಏನಾಯ್ತು ಅನ್ನುವ ಜಾಗದಲ್ಲಿ ಅವಳೇ ಬರೆದಿದ್ದಳು: ಕೋಟ್ ತೆಗೆದೆ, ಹಾಸಿಗೆ ಹತ್ತಿ ಕೂತೆ. ಅಷ್ಟೇ ವಿಷಯ. ನಮ್ಮಲ್ಲಿ "ಒಂಚೂರು ತೋಳು ಮೇಲೆ ಮಾಡಮ್ಮ" ಅನ್ನುತ್ತಾರಲ್ಲ, ಆ ಒಂಚೂರು ಇವರ ಪಾಪ್. ಕೆಲಸ ಸಣ್ಣದು, ಹೆದರಬೇಡ ಅಂತ. ಕೊನೆಯ "ಫಾರ್ ಮಿ" ಬಹುಶಃ ಆ ಕೊನೆಯ "ಅಮ್ಮ".

ನಗುತ್ತಾ ಕಲಿತದ್ದು ಇಷ್ಟಾದರೆ, ಅಳುತ್ತಾ ಕಲಿತದ್ದು ಒಂದಿದೆ.

ಜನವರಿಯಲ್ಲಿ ಅವಳ ಗೈಡ್ ಪ್ರಾಜೆಕ್ಟಿನ ಕರಡು ಓದಿ ಹೀಗೆಂದರಂತೆ: "ಯೂ ಮೈಟ್ ವಾಂಟ್ ಟು ಹ್ಯಾವ್ ಅನದರ್ ಲುಕ್ ಅಟ್ ಚಾಪ್ಟರ್ ಟೂ." ಮೈಟ್ ಅಂದರೆ ಬೇಕಾದರೆ, ಇಷ್ಟವಿದ್ದರೆ. ಇವಳಿಗೆ ಇಷ್ಟವಿರಲಿಲ್ಲ. ಎರಡನೇ ಅಧ್ಯಾಯ ಅವಳ ಮಟ್ಟಿಗೆ ಚೆನ್ನಾಗಿಯೇ ಇತ್ತು. ಹಾಗೇ ಒಪ್ಪಿಸಿದಳು. ಮಾರ್ಕ್ಸ್ ಬಂದಾಗ ಅಳುತ್ತಾ ನನ್ನ ಮುಂದೆ ಕೂತಿದ್ದಳು. "ಸರಿ ಇಲ್ಲ, ತಿದ್ದು ಅಂತ ಹೇಳಬಾರದಿತ್ತಾ?"

ಹೇಳಿದ್ದರು. ಅವರ ಲೆಕ್ಕದಲ್ಲಿ ಜೋರಾಗಿಯೇ ಹೇಳಿದ್ದರು.

ಇದಕ್ಕೆ ನಾನು ಕ್ಲಾಸಿನಲ್ಲಿ ಹೇಳುವ ಕಥೆ ಕೊರಿಯಾ ಯುದ್ಧದ್ದು. 1951ರ ಏಪ್ರಿಲ್. ಇಮ್ಜಿನ್ ನದಿಯ ದಡದಲ್ಲಿ ಬ್ರಿಟಿಷ್ ಸೇನೆಯ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಒಂದು ದಳವನ್ನು ಚೀನೀ ಪಡೆಗಳು ಸುತ್ತುವರಿದಿದ್ದವು. ಮೇಲಿನ ಅಮೆರಿಕನ್ ಜನರಲ್ ವೈರ್‌ಲೆಸ್‌ನಲ್ಲಿ ಪರಿಸ್ಥಿತಿ ವಿಚಾರಿಸಿದರು. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ "ಥಿಂಗ್ಸ್ ಆರ್ ಎ ಬಿಟ್ ಸ್ಟಿಕಿ, ಸರ್" ಅಂದರು ಅನ್ನುವುದು ಪ್ರಸಿದ್ಧ ಕಥೆ. ಸ್ವಲ್ಪ ಅಂಟಂಟಾಗಿದೆ, ಸಾರ್. ಇನ್ನೊಬ್ಬ ಬ್ರಿಟಿಷ್ ಅಧಿಕಾರಿಗೆ ಇದು "ಸತ್ತೆವು, ಕಾಪಾಡಿ" ಅಂತ ಕೇಳಿಸುತ್ತಿತ್ತು. ಅಮೆರಿಕನ್ನರಿಗೆ "ಸ್ವಲ್ಪ ಕಷ್ಟ, ಆದರೂ ಪರವಾಗಿಲ್ಲ" ಅಂತ ಕೇಳಿಸಿತು. ಅಲ್ಲೇ ಇರಿ ಅಂದರು. ಆ ದಳದಲ್ಲಿ ವಾಪಸ್ ಬಂದು ಸೇರಿಕೊಂಡವರು ಕೆಲವೇ ಜನ. ಹೆಚ್ಚಿನವರು ಸೆರೆಯಾದರು. ಇಬ್ಬರದ್ದೂ ಮಾತೃಭಾಷೆ ಇಂಗ್ಲಿಷೇ ಅನ್ನುವುದನ್ನು ನೆನಪಿಡಿ.

"ಬ್ರಿಟಿಷರು ಹೀಗಂದರೆ ಹೀಗರ್ಥ" ಅನ್ನುವ ಪಟ್ಟಿಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ನನಗೆ ಅವು ಹಿಡಿಸುವುದಿಲ್ಲ. ಪಟ್ಟಿ ನಂಬಿದವರು ಎಲ್ಲರನ್ನೂ ಕಪಟಿಗಳು ಅಂದುಕೊಳ್ಳುತ್ತಾರೆ. ಮಾತಿನ ತೂಕ ಪದದಲ್ಲಿಲ್ಲ, ರಾಗದಲ್ಲಿದೆ. "ಕ್ವೈಟ್ ಗುಡ್" ಅಂತ ಕ್ವೈಟ್ ಮೇಲೆ ಒತ್ತು ಹಾಕಿದರೆ ಏನೋ ಪರವಾಗಿಲ್ಲ ಅಂತ. ಗುಡ್ ಮೇಲೆ ಒತ್ತು ಬಿದ್ದರೆ ನಿಜಕ್ಕೂ ಚೆನ್ನಾಗಿದೆ ಅಂತ. ನಮ್ಮ ಹಳ್ಳಿಯಲ್ಲಿ ಹೆಣ್ಣು ನೋಡಿ ಹೋದವರು "ನೋಡೋಣ, ತಿಳಿಸ್ತೀವಿ" ಅಂದರೆ ಮನೆಯವರಿಗೆ ತಿಳಿಯುವುದಿಲ್ಲವಾ? ಅದನ್ನು ಯಾವ ಡಿಕ್ಷನರಿ ಕಲಿಸಿತು?

ಗೈಡ್ ಜೊತೆ ಮಾತಾಡುವವರಿಗೆ ನಾನು ಹೇಳಿಕೊಡುವ ಉಪಾಯ ಒಂದೇ. ಮೀಟಿಂಗ್ ಮುಗಿಯುವ ಮೊದಲು ಕೇಳಿಬಿಡಿ: "ಸೋ, ಶುಡ್ ಐ ರೀರೈಟ್ ಇಟ್?" ನೇರ ಪ್ರಶ್ನೆ ಕೇಳಿದರೆ ನೇರ ಉತ್ತರ ಕೊಡುತ್ತಾರೆ. ಮೊದಲು ತಾವಾಗಿ ಹೇಳಲು ಅವರಿಗೆ ಸಂಕೋಚ, ಅಷ್ಟೇ. ಅವಳು ಮರುಪರೀಕ್ಷೆಗೆ ಎರಡನೇ ಅಧ್ಯಾಯ ಬರೆದಾಗ ಹಾಗೇ ಕೇಳಿದಳು. "ಐ ಥಿಂಕ್ ದಟ್ ವುಡ್ ಬಿ ವೈಸ್" ಅಂತ ಉತ್ತರ ಬಂತು. ನಾವಿಬ್ಬರೂ ಅದನ್ನು "ಹೌದು ಮಾರಾಯ್ತಿ, ಪೂರ್ತಿ ಬರಿ" ಅಂತ ಓದಿಕೊಂಡೆವು. ಸರಿಯಾಗಿತ್ತು.

ಚಹಾದ ಬಗ್ಗೆ ಬರೆಯದಿದ್ದರೆ ಈ ಅಂಕಣಕ್ಕೆ ಇಲ್ಲಿನ ನೀರು ಕುಡಿದ ಋಣ ತೀರುವುದಿಲ್ಲ. "ಕಮ್ ರೌಂಡ್ ಫಾರ್ ಟೀ" ಅಂತ ಪಕ್ಕದ ಮನೆಯವರು ಕರೆದರು. ಸಂಜೆ ಐದೂವರೆಗೆ. ಇವಳು ಹೊಟ್ಟೆ ತುಂಬ ಅನ್ನ ಸಾರು ಉಂಡು ಹೋದಳು, ಒಂದು ಲೋಟ ಚಹಾ ಕುಡಿದು ಬರೋಣ ಅಂತ. ಅಲ್ಲಿ ಟೇಬಲ್ ತುಂಬ ಆಲೂಗಡ್ಡೆ, ಬಟಾಣಿ, ಇವಳಿಗೆಂದೇ ಮಾಡಿದ ಚೀಸ್ ಪೈ. ಇಂಗ್ಲೆಂಡಿನ ಈ ಭಾಗದಿಂದ ಉತ್ತರಕ್ಕೆ ಎಷ್ಟೋ ಮನೆಗಳಲ್ಲಿ ಟೀ ಅಂದರೆ ರಾತ್ರಿಯೂಟ. ಡಿನ್ನರ್ ಅಂದರೆ ಮಧ್ಯಾಹ್ನದ ಊಟ. ಪಾಪ, ಎರಡನೇ ಸಲ ಉಂಡು ಬಂದಳು.

ಆದರೆ ಎಲ್ಲ ಕರೆಯೂ ಕರೆಯಲ್ಲ. "ಯೂ ಮಸ್ಟ್ ಕಮ್ ರೌಂಡ್ ಸಮ್‌ಟೈಮ್" ಅಂದರೆ ಅದು ನಮ್ಮ "ಒಂದ್ಸಲ ಮನೆ ಕಡೆ ಬನ್ನಿ". ವಾರ, ಹೊತ್ತು ಹೇಳಿದರೆ ಮಾತ್ರ ಹೋಗಬೇಕು. ಇದರಲ್ಲಿ ನಾವೂ ಅವರೂ ಅಣ್ಣತಮ್ಮಂದಿರು.

ಇನ್ನು "ಶಲ್ ಐ ಪುಟ್ ದ ಕೆಟಲ್ ಆನ್?" ಅನ್ನುವ ವಾಕ್ಯ, ಚಹಾಕ್ಕೆ ಕರೆಂಟಿನ ಕೆಟಲ್‌ನಲ್ಲಿ ನೀರು ಕಾಯಿಸಲಾ ಅಂತ. ಯಾರೋ ಸತ್ತ ಸುದ್ದಿ ಬಂದರೂ ಇದೇ, ಬಾಯ್ಲರ್ ರಿಪೇರಿಯವನು ಬಂದರೂ ಇದೇ, ಮಾತು ಕಟ್ಟಿ ಮೌನ ಬಿದ್ದರೂ ಇದೇ. 1990ರ ಜುಲೈ 4ರಂದು ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತಿತು. ಟಿವಿ ಮುಂದಿಂದ ಎದ್ದ ದೇಶ ಕೆಟಲ್ ಹಾಕಿತು. ವಿದ್ಯುತ್ ಬೇಡಿಕೆ ಒಮ್ಮೆಲೇ 2,800 ಮೆಗಾವಾಟ್ ಜಿಗಿಯಿತು. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ತಿ ಸಾಮರ್ಥ್ಯವೇ 1,035 ಮೆಗಾವಾಟ್. ಎರಡೂವರೆ ಶರಾವತಿಗೂ ಮೀರಿದ ದುಃಖ. ಶಿವಮೊಗ್ಗದ ಹುಡುಗಿಗೆ ಈ ಲೆಕ್ಕ ಹೇಳಿದ ಮೇಲೆ ಕೆಟಲ್ ಅನ್ನುವ ಪದ ಮರೆಯಲೇ ಇಲ್ಲ. ಮನೆಯಲ್ಲಿ ರೂಮ್‌ಮೇಟ್ ಅಳುತ್ತಾ ಬಂದ ದಿನ ಏನು ಹೇಳಬೇಕು ಅಂತ ತೋಚದೆ ಆ ವಾಕ್ಯ ಹೇಳಿದಳಂತೆ. ಸರಿಯಾದ ಮಾತು ಅದೇ ಆಗಿತ್ತು.

ಮಾತು ಕಲಿಯಲು ಎಲ್ಲಿ ಹೋಗಬೇಕು ಅಂತ ಎಲ್ಲರೂ ಕೇಳುತ್ತಾರೆ. ನಾಲ್ಕು ಜನ ಕನ್ನಡದವರು ಒಂದು ಮನೆ ಮಾಡಿಕೊಂಡು, ಸಾರು ಮಾಡಿಕೊಂಡು, ವೀಕೆಂಡಿನಲ್ಲಿ ಕನ್ನಡ ಸಿನಿಮಾ ನೋಡಿಕೊಂಡು ಇದ್ದರೆ ಅದು ತಪ್ಪು ಅಂತ ನಾನು ಹೇಳುವವಳಲ್ಲ. ನವೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲಾಗುವ ಊರಲ್ಲಿ ಅದೂ ಔಷಧಿಯೇ. ಆದರೆ "ಲೋಕಲ್ ಜನರ ಜೊತೆ ಬೆರೀರಿ" ಅನ್ನುವ ಉಪದೇಶ ಇನ್ನೂ ನಿಷ್ಪ್ರಯೋಜಕ. ಇಲ್ಲಿನವರು ಅಪರಿಚಿತರ ಜೊತೆ ಸುಮ್ನೆ ಕೂತು ಹರಟುವವರಲ್ಲ. ಕೈಗೊಂದು ಕೆಲಸ ಬೇಕು. ಕೆಲಸ ಮಾಡುತ್ತಾ ಪಕ್ಕಪಕ್ಕ ನಿಂತರೆ ಮಾತು ತಾನಾಗಿ ಬರುತ್ತದೆ, ಮುಖ ನೋಡಿಕೊಂಡು ಕೂತರೆ ಬರುವುದಿಲ್ಲ.

ನನ್ನ ಮೆಚ್ಚಿನ ಜಾಗ ಪಾರ್ಕ್‌ರನ್. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಿನಲ್ಲಿ ಹದಿಮೂರು ಜನ ಓಡಿ ಶುರುವಾದದ್ದು. ಈಗ ಎಷ್ಟೋ ಊರುಗಳಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಐದು ಕಿಲೋಮೀಟರ್ ಓಟ. ದುಡ್ಡಿಲ್ಲ. ನಾನು ವಿದ್ಯಾರ್ಥಿಗಳನ್ನು ಓಡಲು ಕಳಿಸುವುದಿಲ್ಲ, ಸ್ವಯಂಸೇವಕರಾಗಿ ತಿರುವಿನಲ್ಲಿ ನಿಲ್ಲಲು ಕಳಿಸುತ್ತೇನೆ. ಹಳದಿ ಜಾಕೆಟ್ ಹಾಕಿಕೊಂಡು ನಿಲ್ಲಬೇಕು. ಬರುವವರಿಗೆಲ್ಲ ದಾರಿ ತೋರಿಸಿ "ವೆಲ್ ಡನ್, ಕೀಪ್ ಗೋಯಿಂಗ್" ಅನ್ನಬೇಕು. ಇನ್ನೂರು ಜನ ಬಂದರೆ ಇನ್ನೂರು ಸಲ. ಅವರಲ್ಲಿ ಅರ್ಧ ಜನ ಏದುಸಿರಲ್ಲೂ "ಥ್ಯಾಂಕ್ಸ್, ಮಾರ್ಷಲ್" ಅನ್ನುತ್ತಾರೆ. ಯಾವ ಕ್ಲಾಸ್‌ರೂಮಿನಲ್ಲಿ ಒಂದು ಗಂಟೆಗೆ ಇಷ್ಟು ಸಂಭಾಷಣೆ ಸಿಗುತ್ತದೆ ಹೇಳಿ. ನಮ್ಮ ಹುಡುಗಿಯ ಗಂಟಲು ಕಟ್ಟಿಹೋಗಿತ್ತು. ಮೂರನೇ ವಾರ ಒಬ್ಬ ತಾತ ಕೊನೆಯವರಾಗಿ ನಡೆದುಕೊಂಡು ಬರುತ್ತಿದ್ದರಂತೆ. ಇವಳು "ನಿಯರ್ಲಿ ದೇರ್!" ಅಂದಳು. "ಯೂ ಸೆಡ್ ದಟ್ ಲಾಸ್ಟ್ ವೀಕ್, ಡಕ್" ಅಂದರಂತೆ ತಾತ. ಯಾರೋ ನನ್ನನ್ನು ನೆನಪಿಟ್ಟುಕೊಂಡಿದ್ದಾರೆ ಅಂತ ಅವಳಿಗೆ ಎಷ್ಟು ಖುಷಿ.

ಗುಜರಾತಿ ಅಜ್ಜಿಯ ಚಿಂತೆ ಬೇರೆ. ಪೌರತ್ವಕ್ಕೆ ಬೇಕಾದ ಲೈಫ್ ಇನ್ ದ ಯುಕೆ ಪರೀಕ್ಷೆ ಬರೆಯುವ ತಯಾರಿಯಲ್ಲಿದ್ದ ದಿಯುವಿನ ದಂಪತಿಗೆ ಅವರು ಹೇಳುತ್ತಿದ್ದರು: ನಲವತ್ತೈದು ನಿಮಿಷ, ಇಪ್ಪತ್ತನಾಲ್ಕು ಪ್ರಶ್ನೆ, ಹದಿನೆಂಟು ಸರಿ ಬಂದರೆ ಪಾಸ್, ಎಂಟನೇ ಹೆನ್ರಿಗೆ ಎಷ್ಟು ಹೆಂಡತಿಯರು ಗೊತ್ತಿದ್ದರೆ ಸಾಕು, ಡಾಕ್ಟರ್ ಕ್ಲಿನಿಕ್ಕಿನ ರಿಸೆಪ್ಷನ್ನಿನ ಹುಡುಗಿ ಫೋನಿನಲ್ಲಿ ಏನಂದಳು ಅಂತ ಗೊತ್ತಿರಬೇಕಾಗಿಲ್ಲ. ಗುಜರಾತಿಯಲ್ಲಿ ಹೇಳಿದರು, ಎಲ್ಲರೂ ನಕ್ಕರು, ನನಗೆ ಅನುವಾದ ಆಮೇಲೆ ಸಿಕ್ಕಿತು.

ಒಂದು ವಿಷಯದಲ್ಲಿ ಮಾತ್ರ ನಮ್ಮವರು ಎಡವುತ್ತಲೇ ಇರುತ್ತಾರೆ. "ಹ್ಯಾವಂಟ್ ಯೂ ಈಟನ್?" ಅಂದರೆ "ಯೆಸ್" ಅಂತೀವಿ, ಹೂಂ, ತಿಂದಿಲ್ಲ ಅಂತ. ಅವರಿಗೆ ಅದು ತಿಂದಾಗಿದೆ ಅಂತ. ತಟ್ಟೆ ಒಳಗೆ ಹೋಗುತ್ತದೆ, ನಾವು ಹಸಿದು ಕೂರುತ್ತೇವೆ. "ಡು ಯೂ ಮೈಂಡ್ ಇಫ್ ಐ ಸಿಟ್ ಹಿಯರ್?" ಅಂದಾಗ ಧಾರಾಳವಾಗಿ "ಯೆಸ್, ಯೆಸ್" ಅಂದರೆ ಪಾಪ, ಅವರು ಬೇರೆ ಕಡೆ ಹೋಗಿ ಕೂರುತ್ತಾರೆ. ಇಲ್ಲಿ "ನೋ" ಅಂದರೇನೇ ಬನ್ನಿ ಕೂತ್ಕೊಳ್ಳಿ. ಇನ್ನು ನಮ್ಮ ಒಂದೇ "ಅಲ್ವಾ"ಗೆ ಇವರಲ್ಲಿ ಈಸಂಟ್ ಇಟ್, ಡಿಡಂಟ್ ಹಿ, ಹ್ಯಾವಂಟ್ ವಿ ಅಂತ ಹತ್ತಾರು ರೂಪ. ಲಂಡನ್ನಿನ ಹುಡುಗರು ಅದನ್ನೆಲ್ಲ ಬಿಸಾಕಿ ಎಲ್ಲದಕ್ಕೂ "ಇನಿಟ್" ಅನ್ನುತ್ತಾರೆ. ದೊಡ್ಡವರಿಗೆ ಅದು ಕೇಳಿ ಮೈ ಉರಿಯುತ್ತದೆ. ನನಗೆ ಮಾತ್ರ ಆ ಹುಡುಗರ ಬಾಯಲ್ಲಿ "ಅಲ್ವಾ" ಕೇಳಿದ ಹಾಗಾಗುತ್ತದೆ.

ಹುಡುಗಿ ಡಿಗ್ರಿ ಮುಗಿಸಿ ಊರಿಗೆ ಹೋದಳು. ಹೋದ ವಾರ ವಾಯ್ಸ್ ಮೆಸೇಜ್ ಕಳಿಸಿದ್ದಳು, ನಗುವಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗಿದ್ದಳಂತೆ. ಇಳಿಯುವಾಗ ಅಭ್ಯಾಸಬಲ, ಕಂಡಕ್ಟರ್ ಕಡೆ ತಿರುಗಿ "ಥ್ಯಾಂಕ್ ಯೂ" ಅಂದಳಂತೆ. ಕಂಡಕ್ಟರ್ ಗಾಬರಿಯಾಗಿ ಸೀಟಿ ಬಾಯಿಂದ ತೆಗೆದು ಕೇಳಿದನಂತೆ:

"ಯಾಕಮ್ಮಾ, ಚಿಲ್ಲರೆ ಬಾಕಿ ಇತ್ತಾ?"